ಎಲೆಕ್ಟ್ರಿಕಲ್ಲೋ ಪ್ಲಂಬಿಂಗೋ: ಯಾವ ಕೆಲಸ ಜಾಸ್ತಿ ಕಷ್ಟ?

ಎಸ್ಸೆಸ್ಸೆಲ್ಸಿ ಫಲಿತಾಂಶ ಬಂತೆಂದರೆ ಹಾಸನ, ಚಿಕ್ಕಮಗಳೂರು ಕಡೆಯ ಎಷ್ಟೋ ಮನೆಗಳಲ್ಲಿ ಒಂದೇ ಮಾತು. ಪಿಯುಸಿಗೆ ಸೇರಿಸೋದಾ, ಐಟಿಐಗಾ? ಐಟಿಐ ಅಂತ ತೀರ್ಮಾನವಾದರೆ ಮುಂದಿನ ಪ್ರಶ್ನೆ ಯಾವ ಟ್ರೇಡು ಅನ್ನುವುದು. ಎಲೆಕ್ಟ್ರಿಷಿಯನ್ ಅಂದರೆ ಮನೆಯವರು ಬೇಗ ಒಪ್ಪುತ್ತಾರೆ. ಪ್ಲಂಬರ್ ಅಂದರೆ ಮುಖ ಸಪ್ಪೆಯಾಗುತ್ತದೆ. 'ಪೈಪು ಜೋಡಿಸೋದರಲ್ಲಿ ಕಲಿಯೋದೇನಿದೆ' ಅನ್ನುತ್ತಾರೆ ಒಬ್ಬರು. 'ಕರೆಂಟಿನ ಕೆಲಸ ಬೇಡಪ್ಪ, ಜೀವಕ್ಕೆ ಅಪಾಯ' ಅನ್ನುತ್ತಾರೆ ಇನ್ನೊಬ್ಬರು.

ಹೊಸ ಮನೆ ಕಟ್ಟಿಸುವವರಿಗೂ ಈ ಪ್ರಶ್ನೆ ಬೇರೆ ರೂಪದಲ್ಲಿ ಎದುರಾಗುತ್ತದೆ. ಇಬ್ಬರಿಗೂ ಕೊಡುವ ಕೂಲಿ ಯಾಕೆ ಹೀಗಿದೆ? ಯಾವ ಕೆಲಸವನ್ನು ಗೊತ್ತಿದ್ದವರ ಕೈಲೇ ಮಾಡಿಸಬೇಕು, ಯಾವುದನ್ನು ನಾವೇ ಮಾಡಿಕೊಳ್ಳಬಹುದು? ಇದಕ್ಕೆ ಉತ್ತರ ಬೇಕಾದರೆ ಎರಡೂ ಕೆಲಸದಲ್ಲಿ ನಿಜವಾಗಿ ಏನು ನಡೆಯುತ್ತದೆ ಅಂತ ಮೊದಲು ತಿಳಿಯಬೇಕು.

ಕಷ್ಟ ಅಂದರೆ ಯಾವ ಕಷ್ಟ?

ಕಲಿಯುವಾಗಿನ ಕಷ್ಟ ಒಂದು. ಮೈ ಕೈ ದಣಿಯುವ ಕಷ್ಟ ಇನ್ನೊಂದು. ಕೆಟ್ಟದ್ದನ್ನು ಹುಡುಕುವುದು ಬೇರೆಯದೇ ಕಷ್ಟ. ಇವಕ್ಕಿಂತ ಮುಖ್ಯವಾದ ಪ್ರಶ್ನೆ ಒಂದಿದೆ: ಕೆಲಸದಲ್ಲಿ ತಪ್ಪಾದರೆ ಅದು ಹೇಗೆ ಗೊತ್ತಾಗುತ್ತದೆ, ಯಾವಾಗ ಗೊತ್ತಾಗುತ್ತದೆ?

ಎರಡು ಕೆಲಸಗಳ ನಡುವಿನ ದೊಡ್ಡ ವ್ಯತ್ಯಾಸ ಇರುವುದು ಇಲ್ಲೇ. ಪ್ಲಂಬಿಂಗ್‌ನಲ್ಲಿ ತಪ್ಪಾದರೆ ಇವತ್ತಲ್ಲ ನಾಳೆ ನೀರೇ ಬಂದು ಹೇಳುತ್ತದೆ. ಗೋಡೆ ತೇವವಾಗುತ್ತದೆ, ವಾಸನೆ ಬರುತ್ತದೆ, ನಲ್ಲಿಯಲ್ಲಿ ನೀರು ಸಣ್ಣಗಾಗುತ್ತದೆ. ಎಲೆಕ್ಟ್ರಿಕಲ್‌ನಲ್ಲಿ ಹಾಗಲ್ಲ. ತಪ್ಪಾಗಿ ಜೋಡಿಸಿದ ಮೇಲೂ ದೀಪ ಉರಿಯುತ್ತದೆ, ಫ್ಯಾನ್ ತಿರುಗುತ್ತದೆ. ಎಲ್ಲಾ ಸರಿ ಇದೆ ಅಂತಲೇ ಕಾಣುತ್ತದೆ. ಆ ತಪ್ಪು ವರ್ಷಗಟ್ಟಲೆ ಸುಮ್ನೆ ಕೂತಿರಬಹುದು.

ಟ್ಯಾಂಕಿನ ನೀರು, ತಂತಿಯ ಕರೆಂಟು

ಮೊದಲು ಮೂರು ಪದ ಗೊತ್ತಿರಲಿ: ವೋಲ್ಟ್, ಆಂಪಿಯರ್, ಓಮ್. ಇದನ್ನು ತಿಳಿಯಲು ಮನೆ ಮೇಲಿನ ನೀರಿನ ಟ್ಯಾಂಕೇ ಸಾಕು. ಟ್ಯಾಂಕ್ ಎಷ್ಟು ಎತ್ತರದಲ್ಲಿದೆಯೋ ನಲ್ಲಿಯಲ್ಲಿ ಅಷ್ಟು ಒತ್ತಡ. ವೋಲ್ಟೇಜ್ ಅಂದರೆ ಆ ಒತ್ತಡ. ಪೈಪಿನಲ್ಲಿ ಒಂದು ಕ್ಷಣಕ್ಕೆ ಎಷ್ಟು ನೀರು ಹಾದು ಹೋಗುತ್ತದೋ ಅದು ಆಂಪಿಯರ್, ಅಂದರೆ ಕರೆಂಟ್. ಪೈಪು ಸಣ್ಣದಿದ್ದರೆ ನೀರಿಗೆ ತಡೆ ಜಾಸ್ತಿ. ತಂತಿಯಲ್ಲೂ ಹಾಗೆ ತಡೆ ಇರುತ್ತದೆ, ಅದನ್ನು ಓಮ್‌ನಲ್ಲಿ ಅಳೆಯುತ್ತಾರೆ.

ಆದರೆ ಈ ಹೋಲಿಕೆ ಅರ್ಧ ದಾರಿಯವರೆಗೆ ಮಾತ್ರ ಬರುತ್ತದೆ. ಪೈಪು ಕತ್ತರಿಸಿದರೆ ನೀರು ಹೊರಗೆ ಸುರಿಯುತ್ತದೆ. ತಂತಿ ಕತ್ತರಿಸಿದರೆ ಕರೆಂಟ್ ಸುರಿಯುವುದಿಲ್ಲ, ನಿಂತು ಹೋಗುತ್ತದೆ. ಕರೆಂಟಿಗೆ ಹೋಗುವ ದಾರಿಯೂ ಬೇಕು, ವಾಪಸ್ ಬರುವ ದಾರಿಯೂ ಬೇಕು. ಹೋಗುವ ತಂತಿ ಫೇಸ್, ವಾಪಸ್ ಬರುವ ತಂತಿ ನ್ಯೂಟ್ರಲ್. ಆ ನ್ಯೂಟ್ರಲ್ಲನ್ನು ಟ್ರಾನ್ಸ್‌ಫಾರ್ಮರ್ ಹತ್ತಿರ ನೆಲಕ್ಕೂ ಜೋಡಿಸಿರುತ್ತಾರೆ. ಹಾಗಾಗಿ ನೆಲದ ಮೇಲೆ ಬರಿಗಾಲಲ್ಲಿ ನಿಂತು ಫೇಸ್ ಮುಟ್ಟಿದರೆ, ವಾಪಸ್ ಹೋಗುವ ದಾರಿಗೆ ನಮ್ಮ ಮೈಯೇ ಸಿಕ್ಕಂತಾಗುತ್ತದೆ. ಶಾಕ್ ಹೊಡೆಯುವುದು ಅಂದರೆ ಇದೇ.

ನೀರು ಕಣ್ಣಿಗೆ ಕಾಣುತ್ತದೆ, ಕೈಗೆ ಸಿಗುತ್ತದೆ. ಕರೆಂಟ್ ಹಾಗಲ್ಲ. ಎಲೆಕ್ಟ್ರಿಕಲ್ ಕಲಿಯುವವರು ಮೊದಲ ದಿನದಿಂದಲೇ ಕಾಣದ್ದನ್ನು ಮನಸ್ಸಿನಲ್ಲಿ ಕಲ್ಪಿಸಿಕೊಳ್ಳಬೇಕು. ಶುರುವಿನಲ್ಲಿ ಎಲೆಕ್ಟ್ರಿಕಲ್ಲೇ ಕಷ್ಟ ಅನ್ನಿಸಲು ಇದು ಮುಖ್ಯ ಕಾರಣ.

ಎಲೆಕ್ಟ್ರಿಕಲ್: ಲೆಕ್ಕ ಸರಿ ಇಲ್ಲದಿದ್ದರೆ ಕೈಚಳಕ ಸಾಲದು

ಮನೆಗೆ ಬರುವ ಸಿಂಗಲ್ ಫೇಸ್ ಕರೆಂಟ್ 230 ವೋಲ್ಟ್, 50 ಹರ್ಟ್ಜ್. ಯಾವುದೇ ಸಾಮಾನಿನ ವ್ಯಾಟ್ ಅನ್ನು 230ರಿಂದ ಭಾಗಿಸಿದರೆ ಅದು ಎಷ್ಟು ಆಂಪಿಯರ್ ಎಳೆಯುತ್ತದೆ ಅಂತ ಸುಮಾರಾಗಿ ಗೊತ್ತಾಗುತ್ತದೆ. 2000 ವ್ಯಾಟಿನ ಗೀಸರ್ ಸುಮಾರು 8.7 ಆಂಪಿಯರ್ ಎಳೆಯುತ್ತದೆ. 2000 ವ್ಯಾಟಿನ ಇಂಡಕ್ಷನ್ ಒಲೆಯೂ ಅಷ್ಟೇ. ಎರಡನ್ನೂ ಒಂದೇ 16 ಆಂಪಿಯರ್ ಲೈನಿಗೆ ಕೊಟ್ಟರೆ ಒಟ್ಟು 17 ದಾಟಿತು.

ಕರೆಂಟ್ ಮಿತಿ ಮೀರಿದರೆ ತಾನಾಗಿ ಆಫ್ ಆಗುವ ಸ್ವಿಚ್ಚಿಗೆ ಎಂಸಿಬಿ ಅನ್ನುತ್ತಾರೆ. ಅಷ್ಟಾದ ಕೂಡಲೇ ಅದು ಬೀಳುತ್ತದೆ, ಅಂದರೆ ಆಫ್ ಆಗುತ್ತದೆ ಅಂತ ಅನೇಕರು ಅಂದುಕೊಂಡಿದ್ದಾರೆ. ಬೀಳುವುದಿಲ್ಲ. ಶಾರ್ಟ್ ಆದರೆ ಎಂಸಿಬಿ ಕ್ಷಣದಲ್ಲಿ ಬೀಳುತ್ತದೆ. ಲೋಡ್ ಸ್ವಲ್ಪ ಮಾತ್ರ ಹೆಚ್ಚಾದರೆ ನಿಧಾನವಾಗಿ ಬೀಳಬಹುದು, ಬೀಳದೆಯೂ ಇರಬಹುದು. ಅಷ್ಟು ಹೊತ್ತೂ ತಂತಿ ಬಿಸಿಯಾಗುತ್ತಿರುತ್ತದೆ. ಕರೆಂಟ್ ಎರಡು ಪಟ್ಟಾದರೆ ತಂತಿಯಲ್ಲಿ ಹುಟ್ಟುವ ಬಿಸಿ ಎರಡಲ್ಲ, ನಾಲ್ಕು ಪಟ್ಟಾಗುತ್ತದೆ. ಅದಕ್ಕೇ ತಂತಿಯ ದಪ್ಪಕ್ಕೆ ಅಷ್ಟು ಮಹತ್ವ. ಸಾಮಾನ್ಯವಾಗಿ ಮನೆಗಳಲ್ಲಿ ಲೈಟು, ಫ್ಯಾನಿಗೆ 1 ಅಥವಾ 1.5 ಸ್ಕ್ವೇರ್ ಎಂಎಂ ತಂತಿ, ಪವರ್ ಪಾಯಿಂಟಿಗೆ 2.5, ಏಸಿಯಂಥ ಭಾರದ ಲೋಡಿಗೆ 4 ಎಳೆಯುತ್ತಾರೆ. ದೂರ ಜಾಸ್ತಿಯಾದರೆ ಇದೂ ಬದಲಾಗುತ್ತದೆ.

ಪದೇ ಪದೇ ಎಂಸಿಬಿ ಬೀಳುತ್ತದೆ ಅಂತ 16ರದ್ದನ್ನು ತೆಗೆದು 32ರದ್ದು ಹಾಕಿಸುವುದನ್ನು ನಮ್ಮ ಕಡೆ ತುಂಬಾ ನೋಡಿದ್ದೇನೆ. ಮಾಲೀಕರಿಗೆ ಖುಷಿ, ತೊಂದರೆ ನಿಂತಿತು ಅಂತ. ಆದರೆ ಗೋಡೆಯೊಳಗಿನ ತಂತಿ ಹಳೆಯದೇ, ದಪ್ಪವೂ ಮೊದಲಿನದೇ. ಈಗ 32 ಆಂಪಿಯರ್ ಎಳೆದರೂ ತಡೆಯುವವರಿಲ್ಲ. ಎಂಸಿಬಿ ಇರುವುದು ಆ ತಂತಿಯನ್ನು ಕಾಯಲು. ದೊಡ್ಡದನ್ನು ಹಾಕಿದ ದಿನವೇ ಆ ಕಾವಲು ಹೋಯಿತು.

ಎಂಸಿಬಿ ಮನುಷ್ಯನನ್ನು ಕಾಯುವುದಿಲ್ಲ ಅನ್ನುವುದು ಇನ್ನೊಂದು ವಿಷಯ. ಇದನ್ನು ಲೆಕ್ಕ ಹಾಕಿಯೇ ನೋಡಬಹುದು. ಚರ್ಮ ಒದ್ದೆಯಾಗಿದ್ದಾಗ ಮೈಯ ತಡೆ ಸುಮಾರು 1000 ಓಮ್‌ಗೆ ಇಳಿಯಬಹುದು. 230 ವೋಲ್ಟನ್ನು 1000ದಿಂದ ಭಾಗಿಸಿದರೆ 0.23 ಆಂಪಿಯರ್, ಅಂದರೆ 230 ಮಿಲಿ ಆಂಪಿಯರ್. ಪ್ರಾಣ ಹೋಗಲು ಇದು ಧಾರಾಳವಾಗಿ ಸಾಕು. ಆದರೆ 6 ಆಂಪಿಯರಿನ ಎಂಸಿಬಿಗೆ 0.23 ಆಂಪಿಯರ್ ಅಂದರೆ ಲೆಕ್ಕಕ್ಕೇ ಇಲ್ಲ. ಒಂದು ಸಣ್ಣ ಬಲ್ಬು ಹಾಕಿದ್ದಾರೆ ಅನ್ನುವಷ್ಟೇ ಅದಕ್ಕೆ ಗೊತ್ತಾಗುವುದು.

ಮನುಷ್ಯನನ್ನು ಕಾಯುವುದು ಆರ್‌ಸಿಸಿಬಿ. ಫೇಸಿನಲ್ಲಿ ಹೋದ ಕರೆಂಟ್ ಅಷ್ಟೂ ನ್ಯೂಟ್ರಲ್‌ನಲ್ಲಿ ವಾಪಸ್ ಬಂತಾ ಅಂತ ಅದು ಸದಾ ಹೋಲಿಸುತ್ತಿರುತ್ತದೆ. ಸ್ವಲ್ಪ ಕಡಿಮೆ ಬಂದರೆ ಎಲ್ಲೋ ನೆಲಕ್ಕೆ ಸೋರುತ್ತಿದೆ ಅಂತ ಅರ್ಥ. ಮನೆಗಳಲ್ಲಿ ಹಾಕುವ ಆರ್‌ಸಿಸಿಬಿ 30 ಮಿಲಿ ಆಂಪಿಯರ್ ಸೋರಿಕೆ ಆಗುವಷ್ಟರಲ್ಲಿ ಕರೆಂಟ್ ಕತ್ತರಿಸುತ್ತದೆ. ಆದರೆ ಒಬ್ಬರು ಫೇಸ್, ನ್ಯೂಟ್ರಲ್ ಎರಡನ್ನೂ ಒಟ್ಟಿಗೆ ಹಿಡಿದರೆ ಹೋದಷ್ಟೂ ವಾಪಸ್ ಬರುತ್ತಿರುತ್ತದೆ. ಆಗ ಆರ್‌ಸಿಸಿಬಿಗೂ ಏನೂ ಗೊತ್ತಾಗುವುದಿಲ್ಲ.

ಕಣ್ಣಿಗೆ ಬೀಳದ ತಪ್ಪಿಗೆ ಒಂದು ಒಳ್ಳೆಯ ಉದಾಹರಣೆ ಸ್ವಿಚ್ಚು. ಸ್ವಿಚ್ಚನ್ನು ಫೇಸ್ ತಂತಿಗೇ ಹಾಕಬೇಕು. ತಪ್ಪಿ ನ್ಯೂಟ್ರಲ್‌ಗೆ ಹಾಕಿದರೂ ದೀಪ ಸರಿಯಾಗಿ ಹತ್ತುತ್ತದೆ, ಸರಿಯಾಗಿ ಆರುತ್ತದೆ. ಮನೆಯವರಿಗೆ ಏನೂ ತಿಳಿಯುವುದಿಲ್ಲ. ಆದರೆ ಸ್ವಿಚ್ ಆಫ್ ಮಾಡಿದ ಮೇಲೂ ಹೋಲ್ಡರಿನಲ್ಲಿ ಫೇಸ್ ಹಾಗೇ ಇರುತ್ತದೆ. ಬಲ್ಬು ಬದಲಿಸಲು ಸ್ಟೂಲ್ ಹತ್ತಿದವರಿಗೆ ಅದು ಗೊತ್ತಾಗುವುದು ಕೈ ತಗುಲಿದಾಗ.

ಮೈ ದಣಿವೇನೂ ಕಡಿಮೆ ಇಲ್ಲ. ಗೋಡೆ ಕೊರೆಯಬೇಕು, ಏಣಿ ಮೇಲೆ ತಲೆ ಎತ್ತಿಕೊಂಡೇ ಗಂಟೆಗಟ್ಟಲೆ ನಿಲ್ಲಬೇಕು. ಸ್ಲ್ಯಾಬಿನ ಪೈಪಿನಲ್ಲಿ ಸ್ಪ್ರಿಂಗ್ ಹಾಕಿ ತಂತಿ ಎಳೆಯುವಾಗ ಬೆಂಡ್ ಜಾಸ್ತಿ ಇದ್ದರೆ ಇಬ್ಬರು ಎಳೆದರೂ ತಂತಿ ಬರುವುದಿಲ್ಲ.

ಪ್ಲಂಬಿಂಗ್: ನೀರು ಇಳಿಯುವ ಕಡೆಗೇ ಹೋಗುತ್ತದೆ, ಗಾಳಿ ಮೇಲೆ ಕೂರುತ್ತದೆ

ಪ್ಲಂಬಿಂಗ್ ಅಂದರೆ ಒಂದಲ್ಲ, ಎರಡು ಕೆಲಸ. ಶುದ್ಧ ನೀರನ್ನು ಒಳಗೆ ತರುವುದು, ಬಳಸಿದ ನೀರನ್ನು ಹೊರಗೆ ಕಳಿಸುವುದು. ಎರಡಕ್ಕೂ ನಿಯಮಗಳು ಬೇರೆ ಬೇರೆ.

ಒಳಗೆ ತರುವುದು ಒತ್ತಡದ ವಿಷಯ. ಹತ್ತು ಮೀಟರ್ ಎತ್ತರದ ನೀರು ಸುಮಾರು ಒಂದು ಕೆಜಿ ಒತ್ತಡ ಕೊಡುತ್ತದೆ. ಇಲ್ಲಿ ಕೆಜಿ ಅಂದರೆ ಒಂದು ಚದರ ಸೆಂಟಿಮೀಟರಿನ ಮೇಲೆ ಬೀಳುವ ಭಾರ. ಷವರ್‌ಗಿಂತ ಟ್ಯಾಂಕು ಮೂರೇ ಮೀಟರ್ ಮೇಲಿದ್ದರೆ ಸಿಗುವುದು 0.3 ಕೆಜಿ. ಮಹಡಿ ಮೇಲಿನ ಬಾತ್‌ರೂಮಿನಲ್ಲಿ ಷವರ್ ಸಣ್ಣಗೆ ಬರುವುದು ಇದರಿಂದಲೇ. ಸಾವಿರ ಲೀಟರ್ ಟ್ಯಾಂಕ್ ತೆಗೆದು ಎರಡು ಸಾವಿರ ಲೀಟರಿನದು ಇಟ್ಟರೂ ಒತ್ತಡ ಹೆಚ್ಚುವುದಿಲ್ಲ. ಒತ್ತಡ ಎತ್ತರವನ್ನು ನೋಡುತ್ತದೆಯೇ ಹೊರತು ಎಷ್ಟು ನೀರಿದೆ ಅನ್ನುವುದನ್ನಲ್ಲ.

ಇಷ್ಟು ಕಡಿಮೆ ಒತ್ತಡದಲ್ಲಿ ಗಾಳಿ ಸಿಕ್ಕಿಕೊಂಡರೆ ಕಥೆ ಮುಗಿಯಿತು. ನಮ್ಮಲ್ಲಿ ಸೋಲಾರ್ ಹೀಟರ್ ಇರುವ ಮನೆಗಳಲ್ಲಿ 'ಬಿಸಿನೀರು ಬರ್ತಿಲ್ಲ, ಏರ್‌ಲಾಕ್ ಆಗಿದೆ' ಅನ್ನುವ ಮಾತು ಕೇಳಿರುತ್ತೀರಿ. ತಾರಸಿಯಲ್ಲಿ ಬಿಸಿನೀರಿನ ಪೈಪು ಯಾವುದೋ ತೊಲೆ ದಾಟಲು ಒಮ್ಮೆ ಮೇಲೆದ್ದು ಮತ್ತೆ ಕೆಳಗಿಳಿದಿರುತ್ತದೆ. ಆ ಉಬ್ಬಿನಲ್ಲಿ ಗಾಳಿ ಕೂರುತ್ತದೆ. ಅದನ್ನು ತಳ್ಳುವ ಒತ್ತಡ ನೀರಿಗಿಲ್ಲ. ಪೈಪು ಒಡೆದಿಲ್ಲ, ಕಟ್ಟಿಕೊಂಡೂ ಇಲ್ಲ, ಆದರೂ ನೀರು ಬರುವುದಿಲ್ಲ. ಅನುಭವ ಇರುವ ಪ್ಲಂಬರ್ ಪೈಪನ್ನು ಒಂದೇ ಸಮನೆ ಇಳಿಜಾರಿನಲ್ಲಿ ತರುತ್ತಾನೆ. ಉಬ್ಬು ತಪ್ಪಿಸಲು ಆಗದಿದ್ದರೆ ಅಲ್ಲೊಂದು ಗಾಳಿ ಕೊಳವೆ ಮೇಲಕ್ಕೆ ಬಿಡುತ್ತಾನೆ.

ಬಳಸಿದ ನೀರನ್ನು ಹೊರಗೆ ಕಳಿಸುವುದು ಇದಕ್ಕಿಂತ ಸೂಕ್ಷ್ಮ. ಅಲ್ಲಿ ಒತ್ತಡವೇ ಇಲ್ಲ, ಇಳಿಜಾರು ಮಾತ್ರ. ಟಾಯ್ಲೆಟ್ಟಿನ ನಾಲ್ಕಿಂಚು ಪೈಪಿಗೆ 40ಕ್ಕೆ 1ರಂತೆ ಇಳಿಜಾರು ಕೊಡುತ್ತಾರೆ ಅಂತ ಇಟ್ಟುಕೊಳ್ಳಿ. ಒಂದು ಮೀಟರಿಗೆ 25 ಮಿಲಿಮೀಟರ್ ಇಳಿಯಬೇಕು. ನಾಲ್ಕು ಮೀಟರ್ ಹೋಗುವಷ್ಟರಲ್ಲಿ 100 ಮಿಲಿಮೀಟರ್, ಅಂದರೆ ನಾಲ್ಕಿಂಚು. ಆ ಜಾಗವನ್ನು ಸ್ಲ್ಯಾಬ್ ಹಾಕುವ ಮುಂಚೆಯೇ ಬಿಟ್ಟಿರಬೇಕು. ಬಾತ್‌ರೂಮಿನ ಸ್ಲ್ಯಾಬನ್ನು ತಗ್ಗಿಸಿ ಹಾಕುವುದು ಇದಕ್ಕೇ. ಅದು ಮರೆತು ಹೋದರೆ ಆಮೇಲೆ ಎಂಥ ಪ್ಲಂಬರ್ ಬಂದರೂ ಇಳಿಜಾರು ತರಲಾರ. ಇಳಿಜಾರು ಕಡಿಮೆಯಾದರೆ ಕಟ್ಟಿಕೊಳ್ಳುತ್ತದೆ. ತೀರಾ ಜಾಸ್ತಿಯಾದರೂ ನೀರು ಮುಂದೆ ಓಡಿ ಗಟ್ಟಿ ವಸ್ತು ಹಿಂದೆ ಉಳಿಯಬಹುದು ಅಂತ ಅನುಭವಸ್ಥರು ಎಚ್ಚರಿಸುತ್ತಾರೆ.

ಒಳ್ಳೆಯ ಪ್ಲಂಬರ್ ಕೆಲಸ ನೋಡಬೇಕಾದರೆ ಟೈಲ್ಸ್ ಹಾಕುವ ಮುಂಚೆ ನೋಡಬೇಕು. ಒಂದು ಉದ್ದದ ಪಾರದರ್ಶಕ ಟ್ಯೂಬಿನಲ್ಲಿ ನೀರು ತುಂಬಿಕೊಂಡು, ಒಂದು ತುದಿಯನ್ನು ಹುಡುಗನ ಕೈಗೆ ಕೊಟ್ಟು, ಇನ್ನೊಂದು ತುದಿಯನ್ನು ತಾನು ಗೋಡೆಗೆ ಒತ್ತಿ ಹಿಡಿಯುತ್ತಾನೆ. ಟ್ಯೂಬಿನ ನೀರು ಅಲ್ಲಾಡುವುದು ನಿಲ್ಲುವ ತನಕ ಇಬ್ಬರೂ ಸುಮ್ಮನೆ ಕಾಯುತ್ತಾರೆ. ನೀರು ನಿಂತ ಜಾಗಕ್ಕೆ ಪೆನ್ಸಿಲ್ ಗುರುತು. ಅಲ್ಲಿಂದ ಟೇಪ್ ಹಿಡಿದು ಕೆಳಕ್ಕೆ ಅಳತೆ. ಎರಡೂ ತುದಿಯಲ್ಲಿ ನೀರು ಒಂದೇ ಮಟ್ಟದಲ್ಲಿ ನಿಲ್ಲುತ್ತದೆ ಅನ್ನುವ ನಿಯಮದ ಮೇಲೆ ಇಡೀ ಮನೆಯ ಇಳಿಜಾರು ನಿಂತಿರುತ್ತದೆ.

ಇನ್ನು ಟ್ರ್ಯಾಪ್. ವಾಶ್‌ಬೇಸಿನ್ ಕೆಳಗೆ ಪೈಪು ಬಾಗಿರುವುದನ್ನು ನೋಡಿರುತ್ತೀರಿ. ಬಾತ್‌ರೂಮಿನ ನೆಲದ ಜಾಲರಿ ಕೆಳಗೆ ನಹಾನಿ ಟ್ರ್ಯಾಪ್ ಇರುತ್ತದೆ. ಆ ಬಾಗಿನಲ್ಲಿ ಸದಾ ಸುಮಾರು 50 ಮಿಲಿಮೀಟರ್ ನೀರು ನಿಂತಿರಬೇಕು. ಚರಂಡಿಯ ವಾಸನೆಯನ್ನು, ಜಿರಳೆಯನ್ನು ತಡೆಯುವುದು ಆ ಎರಡಿಂಚು ನೀರೇ. ಮೇಲಿನ ಮಹಡಿಯಲ್ಲಿ ಫ್ಲಶ್ ಮಾಡಿದಾಗ ಪೈಪಿನಲ್ಲಿ ರಭಸವಾಗಿ ಇಳಿಯುವ ನೀರು ಗಾಳಿಯನ್ನು ಎಳೆದುಕೊಳ್ಳುತ್ತದೆ. ಗಾಳಿ ಬರಲು ವೆಂಟ್ ಪೈಪು ಇಲ್ಲದಿದ್ದರೆ ಕೆಳಗಿನ ಟ್ರ್ಯಾಪಿನ ನೀರನ್ನೇ ಎಳೆದುಬಿಡುತ್ತದೆ. ಆಮೇಲೆ ಮನೆಯೆಲ್ಲಾ ವಾಸನೆ. ಫಿನಾಯಿಲ್ ಹಾಕಿ ಉಜ್ಜಿದರೆ ಅದು ಹೋಗುವುದಿಲ್ಲ. ತಾರಸಿಯ ಮೇಲೆ ತುದಿ ತೆರೆದು ನಿಂತಿರುವ ಪೈಪನ್ನು ನೋಡಿ 'ಇದೇನು ಸುಮ್ನೆ ಬಿಟ್ಟಿದ್ದಾರೆ' ಅಂತ ಮುಚ್ಚಿಬಿಡುವವರಿದ್ದಾರೆ. ದಯವಿಟ್ಟು ಮುಚ್ಚಬೇಡಿ.

ಸಾಮಾನಿನ ತಿಳಿವಳಿಕೆಯೂ ಬೇಕು. ಬಿಸಿನೀರಿಗೆ ಸಿಪಿವಿಸಿ ಪೈಪು, ತಣ್ಣೀರಿಗೆ ಯುಪಿವಿಸಿ. ಎರಡಕ್ಕೂ ಅಂಟು ಬೇರೆ. ಅಂಟು ಹಾಕಿದ ಕೂಡಲೇ ನೀರು ಬಿಟ್ಟರೆ ಜಾಯಿಂಟ್ ಕೈಕೊಡುತ್ತದೆ. ಥ್ರೆಡ್ ಇರುವ ಕಡೆ ಟೆಫ್ಲಾನ್ ಟೇಪನ್ನು ತಿರುಗಿಸುವ ದಿಕ್ಕಿಗೇ ಸುತ್ತಬೇಕು. ಪ್ಲಾಸ್ಟಿಕ್ ಫಿಟ್ಟಿಂಗನ್ನು ರೆಂಚಿನಲ್ಲಿ ಜಾಸ್ತಿ ಬಿಗಿ ಮಾಡಿದರೆ ಕಾಣದಂತೆ ಬಿರುಕು ಬಿಟ್ಟು, ತಿಂಗಳುಗಳ ಮೇಲೆ ಸೋರುತ್ತದೆ. ಎಷ್ಟು ಬಿಗಿ ಸಾಕು ಅನ್ನುವುದನ್ನು ಕಲಿಸಿಕೊಡುವ ಪುಸ್ತಕ ಇಲ್ಲ. ಅದು ಕೈಗೆ ಬರಬೇಕು, ಬರಲು ಸಮಯ ಬೇಕು.

ಕೆಟ್ಟದ್ದನ್ನು ಹುಡುಕುವಾಗ

ಹೊಸದಾಗಿ ಹಾಕುವುದಕ್ಕಿಂತ ರಿಪೇರಿ ಕಷ್ಟ. ಇದು ಎರಡೂ ಕೆಲಸಕ್ಕೆ ನಿಜ.

ಸಕಲೇಶಪುರದ ಕಡೆ ಜುಲೈ ಮಳೆಯಲ್ಲಿ ಆರ್‌ಸಿಸಿಬಿ ನಿಲ್ಲದೇ ಬೀಳುವುದು ಸಾಮಾನ್ಯ. ಎಲೆಕ್ಟ್ರಿಷಿಯನ್ ಬಂದು ಎಲ್ಲಾ ಎಂಸಿಬಿ ಆಫ್ ಮಾಡಿ, ಆರ್‌ಸಿಸಿಬಿ ಎತ್ತಿ, ಒಂದೊಂದೇ ಎಂಸಿಬಿ ಆನ್ ಮಾಡುತ್ತಾನೆ. ಯಾವುದು ಆನ್ ಆದಾಗ ಬಿತ್ತೋ ಆ ಲೈನಿನಲ್ಲಿ ತೊಂದರೆ. ಅಂಗಳದ ಲೈಟಿನೊಳಗೆ ನೀರು ಹೋಗಿರುತ್ತದೆ, ಅಥವಾ ಗೀಸರಿನ ಕಾಯಿಲ್ ಸೋರುತ್ತಿರುತ್ತದೆ. ಆದರೆ ಕೆಲವು ಸಲ ಎಲ್ಲಾ ಎಂಸಿಬಿ ಆಫ್ ಇದ್ದರೂ ಆರ್‌ಸಿಸಿಬಿ ನಿಲ್ಲುವುದಿಲ್ಲ. ಹೊಸಬರು ಇಲ್ಲಿ ಕಕ್ಕಾಬಿಕ್ಕಿಯಾಗಿ 'ಆರ್‌ಸಿಸಿಬಿನೇ ಹೋಗಿದೆ' ಅಂದುಬಿಡುತ್ತಾರೆ. ಸಾಮಾನ್ಯ ಎಂಸಿಬಿ ಕತ್ತರಿಸುವುದು ಫೇಸನ್ನು ಮಾತ್ರ. ನ್ಯೂಟ್ರಲ್ ಹಾಗೇ ಜೋಡಿಸಿಕೊಂಡಿರುತ್ತದೆ. ಎಲ್ಲೋ ನ್ಯೂಟ್ರಲ್ ಅರ್ಥಿಂಗಿಗೆ, ಅಂದರೆ ನೆಲಕ್ಕೆ ಜೋಡಿಸಿದ ತಂತಿಗೆ ತಗುಲಿದ್ದರೆ ಎಂಸಿಬಿ ಆಫ್ ಮಾಡಿ ಉಪಯೋಗವಿಲ್ಲ. ಆಗ ಎಂಸಿಬಿಗಳಿರುವ ಡಿಬಿ ಬಾಕ್ಸಿನಲ್ಲಿ ನ್ಯೂಟ್ರಲ್‌ಗಳನ್ನು ಒಂದೊಂದಾಗಿ ಬಿಚ್ಚಿ ನೋಡಬೇಕು. ಕಾರಣ ಗೊತ್ತಿದ್ದವರು ಬೇಗ ಮುಗಿಸುತ್ತಾರೆ. ಗೊತ್ತಿಲ್ಲದವರು ಸಾಮಾನು ಬದಲಿಸುತ್ತಾ ಹೋಗುತ್ತಾರೆ, ದುಡ್ಡು ಮನೆಯವರದ್ದು.

ಪ್ಲಂಬರ್‌ಗೆ ಇದೇ ಥರದ ಪರೀಕ್ಷೆ ಸೀಪೇಜ್. ಹಾಲಿನ ಚಾವಣಿಯಲ್ಲಿ ತೇವದ ಕಲೆ ಕಾಣುತ್ತದೆ, ಸೋರುವ ಜಾಗ ಮಾತ್ರ ಅಲ್ಲಿರುವುದಿಲ್ಲ. ನೀರು ಸ್ಲ್ಯಾಬಿನ ಒಳಗೆ ದಾರಿ ಹುಡುಕಿಕೊಂಡು ಹೋಗಿ ಎಲ್ಲೋ ತೊಟ್ಟಿಕ್ಕುತ್ತದೆ. ಮೊದಲು ಅದು ಬರುವ ನೀರೋ, ಹೋಗುವ ನೀರೋ ಅಂತ ಬೇರ್ಪಡಿಸಬೇಕು. ವಾಲ್ವ್ ಮುಚ್ಚಿಟ್ಟು ನೋಡಿದಾಗ ತೇವ ನಿಂತರೆ ಒತ್ತಡದ ಪೈಪು. ಸ್ನಾನ ಮಾಡಿದಾಗ ಮಾತ್ರ ಹೆಚ್ಚಾದರೆ ಟ್ರ್ಯಾಪ್ ಅಥವಾ ಟೈಲ್ಸಿನ ಸಂದು. ಬಣ್ಣದ ನೀರು ಸುರಿದು ಕಾಯುವುದೂ ಉಂಟು. ತಪ್ಪು ಜಾಗ ಒಡೆದರೆ ಟೈಲ್ಸ್ ಹೋಯಿತು, ಅದೇ ಡಿಸೈನ್ ಅಂಗಡಿಯಲ್ಲಿ ಮತ್ತೆ ಸಿಗುವುದಿಲ್ಲ.

ಇಲ್ಲೊಂದು ವ್ಯತ್ಯಾಸ ಇದೆ. ಎಲೆಕ್ಟ್ರಿಷಿಯನ್ ಹತ್ತಿರ ಟೆಸ್ಟರ್, ಮಲ್ಟಿಮೀಟರ್, ತಂತಿಯ ಹೊದಿಕೆಯಲ್ಲಿ ಸೋರಿಕೆ ಇದೆಯಾ ಅಂತ ತೋರಿಸುವ ಮೆಗ್ಗರ್ ಇವೆ. ಗೋಡೆ ಒಡೆಯದೆ ಸಾಕಷ್ಟು ತಿಳಿಯಬಹುದು. ಪ್ಲಂಬರ್ ಹತ್ತಿರ ಅಂಥ ಉಪಕರಣ ಕಡಿಮೆ, ಊಹೆ ಜಾಸ್ತಿ. ರಿಪೇರಿಯ ಮಟ್ಟಿಗೆ ಪ್ಲಂಬಿಂಗೇ ಕಷ್ಟ ಅಂತ ನನ್ನ ಅಭಿಪ್ರಾಯ. ಸಿಂಕಿನ ಕೆಳಗೆ ಮಲಗಿಕೊಂಡು, ಮುಖದ ಮೇಲೆ ಕೊಳಕು ನೀರು ಬೀಳುತ್ತಿರುವಾಗ, ತುಕ್ಕು ಹಿಡಿದ ಜಿಐ ಪೈಪು ಬಿಚ್ಚುವುದು ಯಾರಿಗೂ ಸುಲಭವಲ್ಲ.

ಅಪಾಯ ಎಲ್ಲಿದೆ?

ಕರೆಂಟಿನ ಅಪಾಯ ಎಲ್ಲರಿಗೂ ಗೊತ್ತು. ಮುಖ್ಯವಾಗಿ ಪಾಲಿಸಬೇಕಾದ ಅಭ್ಯಾಸ ಒಂದೇ: ಮೇನ್ ಆಫ್ ಮಾಡಿದ ಮೇಲೂ ಟೆಸ್ಟರ್ ಇಟ್ಟು ನೋಡದೆ ಮುಟ್ಟಬಾರದು. ಯುಪಿಎಸ್ ಇರುವ ಮನೆಗಳಲ್ಲಿ ಮೇನ್ ಆಫ್ ಆದರೂ ಕೆಲವು ಲೈನಿನಲ್ಲಿ 230 ವೋಲ್ಟ್ ಹಾಗೇ ಇರುತ್ತದೆ.

ಪ್ಲಂಬಿಂಗ್‌ನ ಅಪಾಯವನ್ನು ಜನ ಗಮನಿಸುವುದು ಕಡಿಮೆ. ಸೆಪ್ಟಿಕ್ ಟ್ಯಾಂಕಿನಲ್ಲಿ ಹೈಡ್ರೋಜನ್ ಸಲ್ಫೈಡ್, ಮೀಥೇನ್ ಅನಿಲ ತುಂಬಿರುತ್ತವೆ. ಹೈಡ್ರೋಜನ್ ಸಲ್ಫೈಡ್ ಸ್ವಲ್ಪ ಇದ್ದರೆ ಕೊಳೆತ ಮೊಟ್ಟೆಯ ವಾಸನೆ ಬರುತ್ತದೆ. ಜಾಸ್ತಿಯಾದರೆ ಮೂಗಿಗೆ ವಾಸನೆ ಗ್ರಹಿಸುವ ಶಕ್ತಿಯೇ ಹೋಗುತ್ತದೆ. ವಾಸನೆ ಇಲ್ಲ ಅಂತ ಇಳಿದವರು ಅಲ್ಲೇ ಬೀಳುತ್ತಾರೆ, ಎತ್ತಲು ಇಳಿದವರೂ ಬೀಳುತ್ತಾರೆ. ರಕ್ಷಣಾ ಸಾಧನ ಇಲ್ಲದೆ ಮನುಷ್ಯರನ್ನು ಸೆಪ್ಟಿಕ್ ಟ್ಯಾಂಕಿಗೆ, ಒಳಚರಂಡಿಗೆ ಇಳಿಸಿ ಸ್ವಚ್ಛ ಮಾಡಿಸುವುದು 2013ರ ಕಾಯ್ದೆಯ ಪ್ರಕಾರ ಅಪರಾಧ. ಅದು ಪ್ಲಂಬರ್ ಕೆಲಸವೂ ಅಲ್ಲ. ಯಾರಾದರೂ ಇಳಿ ಅಂದರೆ ಆಗಲ್ಲ ಅನ್ನಬೇಕು. ಸಕ್ಕಿಂಗ್ ಯಂತ್ರ ಇರುವುದು ಅದಕ್ಕೇ.

ಬಾತ್‌ರೂಮಿನ ಗೀಸರ್, ಸಂಪಿನ ಮೋಟರ್ ಇವೆರಡೂ ಇಬ್ಬರ ಕೆಲಸವೂ ಸೇರುವ ಜಾಗ. 'ನೀರಿನ ಕಡೆ ನಾನು ಮಾಡಿದ್ದೇನೆ, ಅರ್ಥಿಂಗ್ ಅವರದ್ದು' ಅಂತ ಪ್ಲಂಬರ್ ಹೇಳಿ ಹೋಗಿರುತ್ತಾನೆ. ಎಲೆಕ್ಟ್ರಿಷಿಯನ್ ಬಂದಾಗ ಗೀಸರ್ ಆಗಲೇ ಓಡುತ್ತಿರುತ್ತದೆ. ಯಾರೂ ಅರ್ಥಿಂಗ್ ನೋಡಿರುವುದಿಲ್ಲ. ಮನೆ ಕಟ್ಟಿಸುವವರು ಇದೊಂದನ್ನು ಇಬ್ಬರೂ ಇದ್ದಾಗಲೇ ಕೇಳಿ ಖಾತ್ರಿ ಮಾಡಿಕೊಳ್ಳಬೇಕು.

ಮಲೆನಾಡಿನಲ್ಲಿ ಒಂದು ಥರ, ಬಯಲುಸೀಮೆಯಲ್ಲಿ ಇನ್ನೊಂದು

ಹಾಸನ, ಚಿಕ್ಕಮಗಳೂರು ಎರಡೂ ಜಿಲ್ಲೆಗಳಲ್ಲಿ ಒಂದಷ್ಟು ಮಲೆನಾಡು, ಒಂದಷ್ಟು ಬಯಲು. ಹಾಗಾಗಿ ಕೆಲಸದ ಕಷ್ಟವೂ ತಾಲ್ಲೂಕಿನಿಂದ ತಾಲ್ಲೂಕಿಗೆ ಬದಲಾಗುತ್ತದೆ.

ಮೂಡಿಗೆರೆ, ಸಕಲೇಶಪುರದ ತೋಟಗಳಲ್ಲಿ ಗುಡ್ಡದ ಮೇಲಿನ ಒರತೆಯಿಂದ ಪೈಪು ಹಾಕಿ ಮನೆಗೆ ನೀರು ತರುತ್ತಾರೆ. ಮೋಟರ್ ಬೇಡ, ಕರೆಂಟ್ ಬೇಡ. ಕೇಳಲು ಸುಲಭ. ಆದರೆ ಒರತೆ ಮನೆಗಿಂತ 60 ಮೀಟರ್ ಮೇಲಿದ್ದರೆ, ಕೆಳಗಿನ ನಲ್ಲಿ ಮುಚ್ಚಿದಾಗ ಪೈಪಿನ ಮೇಲೆ ಬೀಳುವುದು ಸುಮಾರು 6 ಕೆಜಿ ಒತ್ತಡ. ಅಂಗಡಿಯಲ್ಲಿ ಫೋರ್ ಕೆಜಿ ಪೈಪು, ಸಿಕ್ಸ್ ಕೆಜಿ ಪೈಪು ಅಂತ ಕೇಳುವುದು ಇದನ್ನೇ. ಅಗ್ಗ ಅಂತ 4 ಕೆಜಿಯದ್ದು ತಂದರೆ ಕೆಳಗಿನ ಭಾಗ ಒಡೆಯುತ್ತದೆ. ಜಾಣ ಪ್ಲಂಬರ್ ನಡುವೆ ಒಂದು ತೊಟ್ಟಿ ಕಟ್ಟಿಸಿ ನೀರನ್ನು ಅಲ್ಲಿ ಬಿಡುತ್ತಾನೆ. ತೆರೆದ ತೊಟ್ಟಿಗೆ ಬಿದ್ದ ನೀರಿನ ಒತ್ತಡ ಸೊನ್ನೆ. ಅಲ್ಲಿಂದ ಕೆಳಗಿನ ಎತ್ತರದ ಒತ್ತಡ ಮಾತ್ರ ಲೆಕ್ಕಕ್ಕೆ.

ಬಾವಿಯ ಮೇಲೆ ಇಡುವ ಮೋಟರಿಗೂ ಮಿತಿ ಇದೆ. ಮೋಟರ್ ನೀರನ್ನು ಎಳೆಯುತ್ತದೆ ಅನ್ನುತ್ತೇವೆ. ನಿಜವಾಗಿ ನೀರನ್ನು ಮೇಲಕ್ಕೆ ತಳ್ಳುವುದು ಹೊರಗಿನ ಗಾಳಿಯ ಒತ್ತಡ. ಸಮುದ್ರಮಟ್ಟದಲ್ಲಿ ಅದು ಹೆಚ್ಚೆಂದರೆ 10 ಮೀಟರ್ ಚಿಲ್ಲರೆ ತಳ್ಳಬಲ್ಲದು. ವ್ಯವಹಾರದಲ್ಲಿ ಆರೇಳು ಮೀಟರ್. ಚಿಕ್ಕಮಗಳೂರು ಪಟ್ಟಣ ಸಾವಿರ ಮೀಟರಿಗೂ ಮೇಲಿದೆ. ಅಷ್ಟು ಎತ್ತರದಲ್ಲಿ ಗಾಳಿಯ ಒತ್ತಡ ಸುಮಾರು ಹತ್ತರಲ್ಲಿ ಒಂದು ಪಾಲು ಕಡಿಮೆ. ಮಿತಿಯೂ ಅಷ್ಟು ಇಳಿಯುತ್ತದೆ. ಬೇಸಿಗೆಯಲ್ಲಿ ಬಾವಿ ನೀರು ಕೆಳಗಿಳಿದಾಗ ಮೋಟರ್ ಸುಮ್ನೆ ತಿರುಗಿ ನೀರು ಬರದಿದ್ದರೆ ಕಾರಣ ಇದಿರಬಹುದು.

ಬೋರ್‌ವೆಲ್ ನೀರು ಗಡಸಾಗಿರುವ ಬಯಲಿನ ಊರುಗಳಲ್ಲಿ ಗೀಸರಿನ ಕಾಯಿಲ್, ಷವರಿನ ತೂತು, ವಾಲ್ವಿನ ಒಳಗೆ ಬಿಳಿ ಪದರ ಕಟ್ಟುತ್ತದೆ. ಅಲ್ಲಿ ಪ್ಲಂಬರ್‌ಗೆ ವರ್ಷವಿಡೀ ಕೆಲಸ.

ಎಲೆಕ್ಟ್ರಿಷಿಯನ್‌ಗೆ ಮಲೆನಾಡಿನ ತಲೆನೋವು ಮಳೆ, ಸಿಡಿಲು, ಮುರಿದು ಬೀಳುವ ಕೊಂಬೆ. ತೋಟದ ಕೊನೆಯ ಮನೆಗೆ ಉದ್ದದ ಲೈನಿನಲ್ಲಿ ಬರುವಷ್ಟರಲ್ಲಿ ವೋಲ್ಟೇಜ್ ಇಳಿದಿರುತ್ತದೆ. ತ್ರೀ ಫೇಸ್ ಮೋಟರಿಗೆ ಒಂದು ಫೇಸ್ ಹೋದರೆ ಅದು ಉಳಿದ ಎರಡರಲ್ಲೇ ಹೆಣಗುತ್ತಾ ಬಿಸಿಯಾಗಿ ವೈಂಡಿಂಗ್ ಸುಟ್ಟುಕೊಳ್ಳುತ್ತದೆ. ಅದನ್ನು ತಡೆಯುವ ಸಾಧನ ಸ್ಟಾರ್ಟರಿನಲ್ಲಿರಬೇಕು. ಬಯಲಿನ ಒಣ ನೆಲದಲ್ಲಿ ತೊಂದರೆ ಅರ್ಥಿಂಗಿನದ್ದು. ಮಣ್ಣು ಒಣಗಿದರೆ ಕರೆಂಟಿಗೆ ತಡೆ ಹೆಚ್ಚುತ್ತದೆ. ಇದ್ದಿಲು, ಉಪ್ಪು ಹಾಕಿ ಅರ್ಥಿಂಗ್ ಗುಂಡಿ ಮಾಡುವುದು, ಬೇಸಿಗೆಯಲ್ಲಿ ಅದಕ್ಕೆ ನೀರು ಬಿಡುವುದು ಇದೇ ಕಾರಣಕ್ಕೆ.

ಹಾಗಾದರೆ ಕಲಿಯಲು ಯಾವುದು ಕಷ್ಟ?

ಶುರುವಿನಲ್ಲಿ ಎಲೆಕ್ಟ್ರಿಕಲ್ ಕಷ್ಟ. ಅನುಮಾನ ಬೇಡ. ಲೆಕ್ಕ ಬೇಕು, ಚಿತ್ರ ಓದಲು ಬರಬೇಕು, ಮೊದಲ ತಪ್ಪೇ ಕೊನೆಯದಾಗಬಹುದು. ಪ್ಲಂಬಿಂಗಿಗೆ ಕೈ ಹಾಕುವುದು ಸುಲಭ. ಮೇಸ್ತ್ರಿ ಜೊತೆ ಸಹಾಯಕನಾಗಿ ಹೋದರೆ ಸ್ವಲ್ಪ ದಿನದಲ್ಲೇ ಪೈಪು ಕತ್ತರಿಸಿ ಅಂಟಿಸಲು ಬರುತ್ತದೆ. ಆದರೆ ಅಲ್ಲಿಂದ ಮುಂದಕ್ಕೆ ದಾರಿ ಕಡಿದಾಗುತ್ತದೆ. ಚಿಕ್ಕಮಗಳೂರಿನ ಒಂದು ಹೋಂಸ್ಟೇನಲ್ಲಿ ಬೆಳಗ್ಗೆ ಏಳಕ್ಕೆ ಎಲ್ಲಾ ರೂಮಿನವರೂ ಒಟ್ಟಿಗೆ ಬಿಸಿನೀರು ಬಿಟ್ಟರೂ ಕೊನೆಯ ರೂಮಿಗೆ ಒತ್ತಡ ಇರಬೇಕು, ಚಳಿಗೆ ನೀರು ದಾರಿಯಲ್ಲೇ ತಣ್ಣಗಾಗಬಾರದು, ಗುಡ್ಡದ ಮೇಲಿನ ಕಟ್ಟಡದ ಸೆಪ್ಟಿಕ್ ಟ್ಯಾಂಕು ಕೆಳಗಿನ ಬಾವಿಯನ್ನು ಕೆಡಿಸಬಾರದು. ಇದನ್ನೆಲ್ಲಾ ಯೋಚಿಸಿ ಮಾಡಬಲ್ಲ ಪ್ಲಂಬರ್ ಯಾವ ಎಲೆಕ್ಟ್ರಿಷಿಯನ್‌ಗೂ ಕಡಿಮೆಯಲ್ಲ. ಅಂಥವರು ಸಿಗುವುದೂ ಕಷ್ಟ.

ಓದು, ಪರ್ಮಿಟ್ಟು

ಐಟಿಐನಲ್ಲಿ ಎಲೆಕ್ಟ್ರಿಷಿಯನ್ ಟ್ರೇಡ್ ಎರಡು ವರ್ಷ, ಪ್ಲಂಬರ್ ಟ್ರೇಡ್ ಒಂದು ವರ್ಷ. ಎಲೆಕ್ಟ್ರಿಷಿಯನ್‌ಗೆ ಎಸ್ಸೆಸ್ಸೆಲ್ಸಿಯಲ್ಲಿ ಗಣಿತ, ವಿಜ್ಞಾನ ಓದಿ ಪಾಸಾಗಿರಬೇಕು. ಎಲ್ಲಾ ಐಟಿಐಗಳಲ್ಲೂ ಎರಡೂ ಟ್ರೇಡ್ ಇರುವುದಿಲ್ಲ. ಅರ್ಜಿ ಹಾಕುವ ಮುಂಚೆ ಹತ್ತಿರದ ಐಟಿಐಗೆ ಹೋಗಿ ಆ ಟ್ರೇಡ್ ಇದೆಯಾ, ಅದಕ್ಕೆ ದೇಶಮಟ್ಟದ ಮಾನ್ಯತೆ ಇದೆಯಾ ಅಂತ ಕೇಳಿ. ಮುಗಿದ ಮೇಲೆ 1961ರ ಅಪ್ರೆಂಟಿಸ್ ಕಾಯ್ದೆಯಡಿ ಕಾರ್ಖಾನೆಗಳಲ್ಲಿ, ಸಂಸ್ಥೆಗಳಲ್ಲಿ ಸ್ಟೈಪೆಂಡ್ ಪಡೆಯುತ್ತಾ ತರಬೇತಿ ಪಡೆಯಬಹುದು.

ಎಲೆಕ್ಟ್ರಿಕಲ್ ಕೆಲಸಕ್ಕೆ ಕಾನೂನಿನ ಬಿಗಿ ಜಾಸ್ತಿ. ವೈರ್‌ಮನ್ ಪರ್ಮಿಟ್, ಸೂಪರ್‌ವೈಸರ್ ಪರ್ಮಿಟ್, ಕಂಟ್ರಾಕ್ಟರ್ ಲೈಸೆನ್ಸ್ ಅಂತ ಮೂರು ಹಂತ. ಕರ್ನಾಟಕದಲ್ಲಿ ಇವು ವಿದ್ಯುತ್ ಪರಿವೀಕ್ಷಣಾಲಯದ ವ್ಯಾಪ್ತಿಗೆ ಬರುತ್ತವೆ. ಹೊಸ ಮನೆಗೆ ಮೀಟರ್ ಬೇಕಾದರೆ ಹಾಸನ ಜಿಲ್ಲೆಯವರು ಸೆಸ್ಕ್‌ಗೆ, ಚಿಕ್ಕಮಗಳೂರು ಜಿಲ್ಲೆಯವರು ಮೆಸ್ಕಾಂಗೆ ಅರ್ಜಿ ಹಾಕಬೇಕು. ವೈರಿಂಗ್ ಸರಿಯಾಗಿ ಮುಗಿದಿದೆ ಅಂತ ಲೈಸೆನ್ಸ್ ಇರುವ ಕಂಟ್ರಾಕ್ಟರ್ ಬರೆದುಕೊಡಬೇಕು. ಮನೆಯೊಳಗಿನ ಪ್ಲಂಬಿಂಗಿಗೆ ಇಷ್ಟು ಬಿಗಿಯಾದ ಪರ್ಮಿಟ್ ವ್ಯವಸ್ಥೆ ಇಲ್ಲ. ಯಾರು ಬೇಕಾದರೂ ಪ್ಲಂಬರ್ ಅಂತ ಬೋರ್ಡು ಹಾಕಿಕೊಳ್ಳಬಹುದು ಅನ್ನುವುದು ಒಳ್ಳೆಯ ಪ್ಲಂಬರ್‌ಗಳಿಗೇ ನಷ್ಟ.

ಆಗಲೇ ವರ್ಷಗಟ್ಟಲೆ ಕೆಲಸ ಮಾಡುತ್ತಾ ಸರ್ಟಿಫಿಕೇಟ್ ಇಲ್ಲದವರಿಗೆ ಆರ್‌ಪಿಎಲ್ ಅನ್ನುವ ದಾರಿ ಇದೆ. ಅನುಭವದಿಂದ ಕಲಿತದ್ದನ್ನು ಪರೀಕ್ಷಿಸಿ ಪ್ರಮಾಣಪತ್ರ ಕೊಡುವ ವ್ಯವಸ್ಥೆ ಅದು. ಪ್ಲಂಬಿಂಗಿಗೆಂದೇ ದೇಶಮಟ್ಟದಲ್ಲಿ ಒಂದು ಕೌಶಲ ಮಂಡಳಿಯೂ ಇದೆ. ಹೊರದೇಶಕ್ಕೆ ಹೋಗಬೇಕೆನ್ನುವವರಿಗೆ, ದೊಡ್ಡ ಬಿಲ್ಡರ್ ಹತ್ತಿರ ಕೆಲಸ ಹಿಡಿಯಬೇಕೆನ್ನುವವರಿಗೆ ಈ ಕಾಗದ ಕೈಯಲ್ಲಿದ್ದರೆ ಅನುಕೂಲ.

ಟ್ರೇಡ್ ಆರಿಸುವ ಮುಂಚೆ ರಜೆಯಲ್ಲಿ ಮಗನೋ ಮಗಳೋ ಗೊತ್ತಿರುವ ಒಬ್ಬ ಎಲೆಕ್ಟ್ರಿಷಿಯನ್ ಜೊತೆ, ಒಬ್ಬ ಪ್ಲಂಬರ್ ಜೊತೆ ಕೆಲಸದ ಜಾಗಕ್ಕೆ ಹೋಗಿ ನೋಡಿ ಬರಲಿ. ಎಲೆಕ್ಟ್ರಿಷಿಯನ್ ಡಿಬಿ ಬಾಕ್ಸ್ ಬಿಚ್ಚಿ ಯಾವ ತಂತಿ ಎಲ್ಲಿಗೆ ಹೋಗಿದೆ ಅಂತ ವಿವರಿಸುವಾಗ ಕೇಳುವ ಆಸೆ ಹುಟ್ಟುತ್ತದಾ? ಕಟ್ಟಿಕೊಂಡ ಪೈಪನ್ನು ಬಿಚ್ಚುವಾಗ ಮೂಗು ಮುಚ್ಚಿಕೊಂಡು ಹಿಂದೆ ಸರಿಯುತ್ತಾರಾ, ಬಗ್ಗಿ ನೋಡುತ್ತಾರಾ? ಅದನ್ನು ನೋಡಿಕೊಂಡು ಫಾರಂ ತುಂಬಿಸಿ.